ಬೆಂಗಳೂರು ಕಂಪನಿ, ಗೋವಾದಲ್ಲಿ ತಯಾರಿ: ಕೈಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರು ‘ಸ್ಯಾನ್ ಸ್ಟಾರ್ಮ್’ ಗೊತ್ತಾ?

ಶಿರಸಿ: ಕಾರವಾರ ದಾಟಿ, ಮಾಜಾಳಿ ಗಡಿ ಹಾದು ಗೋವಾಕ್ಕೆ ಹೋಗಿಬರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅದೇ ಗೋವಾದಲ್ಲಿ ಒಂದು ಕಾಲಕ್ಕೆ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು, ಅದೂ ಬೆಂಗಳೂರಿನ ಕಂಪನಿಯದ್ದು ಅಂದ್ರೆ ಹೆಚ್ಚಿನವರು ನಂಬೋದಿಲ್ಲ. ಹೆಸರು ಸ್ಯಾನ್ ಸ್ಟಾರ್ಮ್. ಎರಡೇ ಬಾಗಿಲು, ಎರಡೇ ಸೀಟು, ತಲೆ ಮೇಲೆ ಮಡಚುವ ಟಾಪ್. ದೇವಿಮನೆ ಘಟ್ಟದ ಮಳೆಗೆ ಅದು ಎಷ್ಟು ತಡೀತಿತ್ತೋ ಬೇರೆ ಮಾತು ಬಿಡಿ.

1990ರ ದಶಕದ ಕೊನೆಗೆ ಸ್ಯಾನ್ ಮೋಟಾರ್ಸ್ ಇದನ್ನು ತಂದಿತು. ವಿನ್ಯಾಸ ಫ್ರಾನ್ಸಿನವರದ್ದು. ಎಂಜಿನ್ ರೆನೋ ಕಂಪನಿಯ 1,149 ಸಿಸಿ ಪೆಟ್ರೋಲ್, ಶಕ್ತಿ ಸುಮಾರು 60 ಬಿಎಚ್‌ಪಿ. ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ ಥರದ ಸಣ್ಣ ಕಾರಿಗೆ ಹಾಕುತ್ತಿದ್ದ ಎಂಜಿನ್ನೇ ಇದು. ಅಂದ್ರೆ ನೋಡೋಕೆ ಸ್ಪೋರ್ಟ್ಸ್, ಓಟದಲ್ಲಿ ಹೆಚ್ಚುಕಮ್ಮಿ ಮನೆ ಕಾರು.

ಕೈಯಲ್ಲಿ ಕಟ್ಟೋದು ಅಂದ್ರೇನು? ದೊಡ್ಡ ಕಂಪನಿಗಳು ತಗಡನ್ನು ಪ್ರೆಸ್‌ಗೆ ಕೊಟ್ಟು, ಡೈನಲ್ಲಿ ಒತ್ತಿ ಬಾಡಿ ಮಾಡುತ್ತವೆ. ಆ ಡೈಗಳಿಗೇ ಕೋಟಿಗಟ್ಟಲೆ ಬೇಕು. ಸ್ಟಾರ್ಮ್ ಬಾಡಿ ಫೈಬರ್‌ನದ್ದು. ಕುಮಟಾ, ಹೊನ್ನಾವರ ಕಡೆ ಫೈಬರ್ ದೋಣಿ ಮಾಡೋದನ್ನ ನೋಡಿದವರಿಗೆ ಈ ಕೆಲಸ ಬೇಗ ಅರ್ಥವಾಗ್ತದೆ. ಅಚ್ಚಿಗೆ ಮೇಣ ಸವರಿ, ಗಾಜಿನ ನಾರಿನ ಹಾಳೆ ಹಾಸಿ, ರೆಸಿನ್ ಹಚ್ಚಿ, ಒಣಗಿದ ಮೇಲೆ ಬಿಡಿಸಿ ಉಜ್ಜಬೇಕು. ಬಂಡವಾಳ ಕಡಿಮೆ ಸಾಕು, ಆದ್ರೆ ಪ್ರತಿ ಕಾರಿಗೂ ಅಷ್ಟೇ ಕೂಲಿ, ಅಷ್ಟೇ ದಿನ. ನೂರು ಕಾರು ಮಾಡಿದ್ರೂ ಒಂದರ ಖರ್ಚು ಹೆಚ್ಚೇನೂ ಇಳಿಯೋದಿಲ್ಲ. ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೇ ಕೂರುವ ಗಾಡಿಗೆ ನಮ್ಮ ದೇಶದಲ್ಲಿ ಗಿರಾಕಿಯೂ ಕಮ್ಮಿ. ಸ್ಟಾರ್ಮ್ ರಸ್ತೆಯಲ್ಲಿ ಅಪರೂಪವಾಗಿಯೇ ಉಳಿಯಿತು, ಈಗ ತಯಾರಿ ಇಲ್ಲ.

ಮಹಾರಾಷ್ಟ್ರದ ಅಲಿಬಾಗ್‌ನಲ್ಲಿ ಚಿಂಕಾರಾ ಅನ್ನುವವರೂ ಹೀಗೇ ರೋಡ್‌ಸ್ಟರ್ ಕಟ್ಟಿದರು. ಅದಕ್ಕೆ 1.8 ಲೀಟರಿನ ಇಸುಜು ಎಂಜಿನ್, ನಮ್ಮ ಅಂಬಾಸಿಡರ್ 1800ರಲ್ಲಿ ಇತ್ತಲ್ಲ, ಅದೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಗ್ಯಾರೇಜುಗಳಲ್ಲಿ ವೆಲ್ಡಿಂಗ್, ಪೇಂಟಿಂಗ್ ಚೆನ್ನಾಗಿ ಗೊತ್ತಿರುವವರಿಗೆ ಬರವಿಲ್ಲ. ‘ನಾವೂ ಒಂದು ಕಟ್ಟಿದ್ರೆ?’ ಅಂತ ಹುಡುಗರಿಗೆ ಅನ್ನಿಸೋದು ಸಹಜ. ಕಟ್ಟಬಹುದು, ಆದ್ರೆ ರಸ್ತೆಗೆ ಇಳಿಸೋದೇ ಕಷ್ಟ. ಮಾರಾಟಕ್ಕೆ ತಯಾರಿಸುವ ಗಾಡಿಯ ಮಾದರಿಯನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿ ಪಾಸ್ ಮಾಡಬೇಕು. ಹಳೇ ಗಾಡಿಯ ಬಾಡಿ ತೆಗೆದು ಹೊಸ ರೂಪ ಕೊಟ್ಟರೆ ಕಾಯ್ದೆಯ 52ನೇ ಕಲಂ ಅಡ್ಡ ಬರ್ತದೆ. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಮೂಲ ರಚನೆ ಬದಲಿಸುವ ಹಾಗಿಲ್ಲ.

ಹಳೇ ಸ್ಟಾರ್ಮ್ ಎಲ್ಲಾದರೂ ಸಿಕ್ಕರೆ ಮೊದಲು ಆರ್‌ಸಿ ನೋಡಿ. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ನೋಂದಣಿ ನವೀಕರಣ ಆಗಿರಲೇಬೇಕು. ಬೇರೆ ರಾಜ್ಯದ್ದಾದರೆ ಎನ್‌ಒಸಿ ತಂದು, ಇಲ್ಲಿಯ ರಸ್ತೆ ತೆರಿಗೆ ಕಟ್ಟಿದ ಮೇಲೆಯೇ ಕೆಎ-31 ನಂಬರ್ ಪ್ಲೇಟ್. ಬಾಡಿಯಲ್ಲಿ ಬಿರುಕಿದ್ದರೆ ಫೈಬರ್ ಕೆಲಸದವರು ಸರಿಮಾಡಿಯಾರು. ಮುಂದಿನ ಗಾಜು ಒಡೆದಿದ್ದರೆ ಮಾತ್ರ, ಬದಲಿ ಸಿಗ್ತದಾ ಅಂತ ಕೇಳಿಕೊಂಡೇ ರೇಟು ಮಾತಾಡಿ.