ಪರೀಕ್ಷೆಯ ವರ್ಷ ಆಟ ನಿಲ್ಲಿಸಬೇಡಿ

ನಮ್ಮ ಹೈಸ್ಕೂಲುಗಳಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದರೆ ಸಾಕು, ವೇಳಾಪಟ್ಟಿಯಲ್ಲಿದ್ದ ಆಟದ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಖೋಖೋ ತಂಡದಲ್ಲಿ ಚೆನ್ನಾಗಿ ಆಡುತ್ತಿದ್ದ ಹುಡುಗಿಗೆ ಮನೆಯಲ್ಲಿ "ಇದೊಂದು ವರ್ಷ ಬೇಡ ಪುಟ್ಟೀ, ಪರೀಕ್ಷೆ ಮುಗೀಲಿ" ಅನ್ನುತ್ತಾರೆ. ಪರೀಕ್ಷೆ ಮುಗಿಯುವುದೇ ಇಲ್ಲ. ಎಸ್ಸೆಸ್ಸೆಲ್ಸಿಯ ಬೆನ್ನಿಗೆ ಪಿಯುಸಿ, ಅದರ ಬೆನ್ನಿಗೆ ಸಿಇಟಿ, ನೀಟ್. ಸಂಜೆಯ ಹೊತ್ತು ಟ್ಯೂಷನ್ನಿಗೆ ಹೋಯಿತು. ರಾತ್ರಿ ಹತ್ತೂವರೆಗೆ ಪುಸ್ತಕ ಮುಚ್ಚಿದ ಕೈ ಮೊಬೈಲ್ ಹಿಡಿಯುತ್ತದೆ, ಹನ್ನೆರಡಾದರೂ ಬಿಡುವುದಿಲ್ಲ. ಆಮೇಲೆ ಅಪ್ಪ ಅಮ್ಮನ ಎರಡು ದೂರುಗಳು ಶುರುವಾಗುತ್ತವೆ: ಮಗುವಿಗೆ ವಿಪರೀತ ಟೆನ್ಷನ್, ಮಗು ಮೊಬೈಲ್ ಬಿಟ್ಟು ಏಳುವುದಿಲ್ಲ. ಆಟ ನಿಂತದ್ದಕ್ಕೂ ಈ ಎರಡಕ್ಕೂ ನಂಟಿದೆಯೆಂದು ಹೊಳೆಯುವುದು ಅಪರೂಪ. ಈಚಿನ ಎರಡು ದಶಕಗಳ ಸಂಶೋಧನೆಗಳನ್ನು ಒಟ್ಟಿಗಿಟ್ಟು ಓದಿದರೆ ಆ ನಂಟು ಎದ್ದು ಕಾಣುತ್ತದೆ.

ಒತ್ತಡ ಬರೀ ಮನಸ್ಸಿನಲ್ಲಿ ನಡೆಯುವ ಸಂಗತಿಯಲ್ಲ. ಅಪಾಯದ ಸುಳಿವು ಸಿಕ್ಕ ಕ್ಷಣವೇ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ. ಅದರ ಹಿಂದೆಯೇ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿ ಅದನ್ನು ಮೂತ್ರಪಿಂಡಗಳ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಗಳಿಗೆ ದಾಟಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಡುತ್ತದೆ. ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ತೊಡೆ ಮತ್ತು ಮೀನಖಂಡಗಳು ಬಿಗಿದುಕೊಳ್ಳುತ್ತವೆ. ಈ ಇಡೀ ಏರ್ಪಾಡು ಇರುವುದು ಓಡುವುದಕ್ಕೆ, ಇಲ್ಲವೇ ಎದುರು ನಿಂತು ಹೋರಾಡುವುದಕ್ಕೆ. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಕೈಗೆ ಬಂದಾಗಲೂ ದೇಹ ಮಾಡುವುದು ಇದನ್ನೇ. ಆದರೆ ಅಂಕಪಟ್ಟಿ ಹಿಡಿದ ಹುಡುಗ ಕುರ್ಚಿಯಿಂದ ಏಳುವುದಿಲ್ಲ.

ದೇಹ ದುಡಿಸಿದವರಲ್ಲಿ ಈ ಏರ್ಪಾಡು ಬೇರೆ ರೀತಿ ವರ್ತಿಸುತ್ತದೆಯೇ? ಅದನ್ನು ತಿಳಿಯಲು ಮೊದಲು ಪ್ರಯೋಗಾಲಯದಲ್ಲಿ ಒತ್ತಡ ಹುಟ್ಟಿಸಬೇಕು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು 1993ರಲ್ಲಿ ಅದಕ್ಕೊಂದು ವಿಧಾನ ರೂಪಿಸಿದರು, ಇಂದಿಗೂ ಜಗತ್ತಿನಾದ್ಯಂತ ಅದೇ ಬಳಕೆಯಲ್ಲಿದೆ. ಬಂದವರನ್ನು ಒಂದು ಕೋಣೆಗೆ ಕರೆದೊಯ್ಯುತ್ತಾರೆ. ಎದುರಿಗೆ ಪರೀಕ್ಷಕರು, ಪಕ್ಕದಲ್ಲಿ ಕ್ಯಾಮೆರಾ. ಕೆಲಸದ ಸಂದರ್ಶನಕ್ಕೆ ಬಂದಿದ್ದೀರೆಂದು ಭಾವಿಸಿ ಐದು ನಿಮಿಷ ನಿಮ್ಮ ಬಗ್ಗೆ ಮಾತಾಡಿ ಎನ್ನುತ್ತಾರೆ. ಪರೀಕ್ಷಕರು ತಲೆದೂಗುವುದಿಲ್ಲ, ನಗುವುದಿಲ್ಲ, ಸುಮ್ಮನೆ ನೋಡುತ್ತಾರೆ. ಮಾತು ಮುಗಿದರೆ ಲೆಕ್ಕ: 1022ರಿಂದ 13 ಕಳೆಯುತ್ತ ಹೋಗಬೇಕು, ಗಟ್ಟಿಯಾಗಿ. 1009, 996, 983. ಒಂದು ಕಡೆ ತಪ್ಪಿದರೂ "ಮತ್ತೆ 1022ರಿಂದ" ಎನ್ನುತ್ತಾರೆ. ಈ ನಡುವೆ ಹಲವು ಬಾರಿ ಜೊಲ್ಲಿನ ಮಾದರಿ ತೆಗೆದು ಕಾರ್ಟಿಸಾಲ್ ಅಳೆಯುತ್ತಾರೆ. 2007ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ನುರಿತ ಕ್ರೀಡಾಪಟುಗಳನ್ನೂ ವ್ಯಾಯಾಮದ ಅಭ್ಯಾಸವಿಲ್ಲದ ಅದೇ ವಯಸ್ಸಿನ ಗಂಡಸರನ್ನೂ ಇದೇ ಪರೀಕ್ಷೆಗೆ ಒಡ್ಡಿದರು. ಕ್ರೀಡಾಪಟುಗಳಲ್ಲಿ ಕಾರ್ಟಿಸಾಲ್ ಕಡಿಮೆ ಏರಿತು, ಎದೆಬಡಿತವೂ ಅಷ್ಟಾಗಿ ಏರಲಿಲ್ಲ. ಮೈದಾನದಲ್ಲಿ ಪಡೆದ ತರಬೇತಿ ಮೈದಾನಕ್ಕೆ ಸಂಬಂಧವೇ ಇಲ್ಲದ ಮಾತು ಮತ್ತು ಲೆಕ್ಕದ ಮುಂದೆ ಕೆಲಸಕ್ಕೆ ಬಂದಿತ್ತು.

ಸ್ವಭಾವದಲ್ಲೇ ಸಮಾಧಾನಿಗಳಾದವರು ಆಟಗಾರರಾಗಿರಬಹುದಲ್ಲ, ಆಟದಿಂದ ಸಮಾಧಾನ ಬಂತೆಂದು ಹೇಗೆ ಹೇಳುವುದು? ಈ ಸಂಶಯಕ್ಕೆ ಉತ್ತರ ಹುಡುಕಿದವರು ಜರ್ಮನಿಯವರೇ ಆದ ಕಾರ್ಲ್ಸ್‌ರೂಹೆ ತಾಂತ್ರಿಕ ಸಂಸ್ಥೆಯ ಸಂಶೋಧಕರು. ಅವರು ವ್ಯಾಯಾಮದ ಗೊಡವೆಗೇ ಹೋಗದಿದ್ದ 61 ವಿದ್ಯಾರ್ಥಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 20 ವಾರ ಓಟದ ತರಬೇತಿ, ಇನ್ನೊಂದು ಗುಂಪು ಕಾಯಬೇಕು. ಪ್ರಯೋಗಾಲಯದ ನಾಟಕ ಇಲ್ಲಿರಲಿಲ್ಲ. ನಿಜವಾದ ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ಇಸಿಜಿ ಉಪಕರಣ ಧರಿಸಿ ಓಡಾಡಿದರು, ಆ ಹೊತ್ತಿನಲ್ಲಿ ಹೇಗನಿಸುತ್ತಿದೆ ಎಂಬುದನ್ನು ಪುಟ್ಟ ಸಾಧನವೊಂದರಲ್ಲಿ ದಾಖಲಿಸುತ್ತ ಹೋದರು. ಪರೀಕ್ಷೆಯ ಒತ್ತಡ ಎರಡೂ ಗುಂಪಿಗೆ ಒಂದೇ. ಆದರೆ ಓಡಿದವರ ಮನಸ್ಸು ಆ ಒತ್ತಡಕ್ಕೆ ಅಷ್ಟಾಗಿ ಕಲಕಲಿಲ್ಲ, ಅವರ ಹೃದಯವೂ ಅದನ್ನು ಹೆಚ್ಚು ಸರಾಗವಾಗಿ ತಾಳಿಕೊಂಡಿತು. ನನ್ನ ಮಟ್ಟಿಗೆ ಈ ವಿಷಯದ ಅತಿ ಮುಖ್ಯ ಪ್ರಯೋಗ ಇದು. ಪರೀಕ್ಷೆ ಹತ್ತಿರ ಬಂತೆಂದು ನಾವು ಆಟ ಬಿಡಿಸುತ್ತೇವೆ, ಅವರು ಪರೀಕ್ಷೆ ಹತ್ತಿರ ಬರುತ್ತದೆಂದೇ ಓಟ ಹಚ್ಚಿದರು. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಶುರು ಮಾಡಿದರೂ ಮಾರ್ಚ್ ಪರೀಕ್ಷೆಗೆ ಮುಂಚೆ ಹತ್ತಿರಹತ್ತಿರ 20 ವಾರ ಸಿಗುತ್ತವೆ.

ಓಡಿದರೆ ಎಂಡಾರ್ಫಿನ್ ಬರುತ್ತದೆ, ಅದರಿಂದ ಖುಷಿಯಾಗುತ್ತದೆ ಎಂಬ ಮಾತು ಜಿಮ್ಮುಗಳ ಗೋಡೆಯ ಮೇಲೂ ಇದೆ. ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನ ಕಾವಲು ಪೊರೆಯನ್ನು ಸುಲಭವಾಗಿ ದಾಟಲಾರದು, ಹಾಗಾಗಿ ಓಟದ ನಂತರದ ಹಗುರ ಭಾವಕ್ಕೆ ದೇಹವೇ ತಯಾರಿಸುವ ಗಾಂಜಾ ಬಗೆಯ ಅಣುಗಳು ಕಾರಣವೆಂಬ ವಾದಕ್ಕೆ ಈಗ ಹೆಚ್ಚು ಬಲವಿದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯಲ್ಲಿ ಜಾರ್ಜ್ ರುವಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆ.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವಿದೆ. ಒತ್ತಡವಿದ್ದಾಗ ದೇಹ ಅದರಿಂದ ಕೈನ್ಯುರೆನಿನ್ ಎಂಬ ವಸ್ತುವನ್ನು ಹೆಚ್ಚು ತಯಾರಿಸುತ್ತದೆ. ಈ ಕೈನ್ಯುರೆನಿನ್ ಮಿದುಳಿಗೆ ನುಗ್ಗಬಲ್ಲದು, ಅಲ್ಲಿ ಉರಿಯೂತಕ್ಕೆ ದಾರಿ ಮಾಡಬಲ್ಲದು. ಖಿನ್ನತೆಯೊಡನೆ ಇದಕ್ಕೆ ನಂಟಿರುವುದನ್ನೂ ಕಂಡಿದ್ದಾರೆ. ರುವಾಸ್ ತಂಡ ಇಲಿಗಳ ತಳಿಯೊಂದನ್ನು ಬೆಳೆಸಿತು. ಚೆನ್ನಾಗಿ ವ್ಯಾಯಾಮ ಮಾಡಿದ ಸ್ನಾಯುವಿನಲ್ಲಿ ಹೆಚ್ಚುವ ಒಂದು ಪ್ರೋಟೀನು ಈ ಇಲಿಗಳ ಸ್ನಾಯುವಿನಲ್ಲಿ ಹುಟ್ಟಿನಿಂದಲೇ ಹೆಚ್ಚು. ಐದು ವಾರ ಇವನ್ನೂ ಸಾಮಾನ್ಯ ಇಲಿಗಳನ್ನೂ ಗದ್ದಲ, ಮಿಣುಕುವ ದೀಪ, ಹಗಲುರಾತ್ರಿಯ ಏರುಪೇರುಗಳಿಗೆ ಒಡ್ಡಿದರು. ಸಾಮಾನ್ಯ ಇಲಿಗಳು ಕುಗ್ಗಿಹೋದವು, ಈ ತಳಿಯ ಇಲಿಗಳು ಕುಗ್ಗಲಿಲ್ಲ. ದುಡಿದ ಸ್ನಾಯು ಮಿದುಳಿಗೆ ಹಿತವಾದ ಯಾವುದೋ ವಸ್ತುವನ್ನು ಕಳಿಸುತ್ತಿರಬೇಕೆಂದು ಸಂಶೋಧಕರು ಎಣಿಸಿದ್ದರು. ಸಿಕ್ಕಿದ್ದು ಅದಲ್ಲ. ಸ್ನಾಯುವಿನಲ್ಲಿ ಒಂದು ಬಗೆಯ ಕಿಣ್ವಗಳು ಹೆಚ್ಚಿದ್ದವು, ಅವು ರಕ್ತದಲ್ಲಿನ ಕೈನ್ಯುರೆನಿನ್ನನ್ನು ಕೈನ್ಯುರೆನಿಕ್ ಆಮ್ಲವಾಗಿ ಬದಲಿಸುತ್ತಿದ್ದವು. ಆಮ್ಲಕ್ಕೆ ಮಿದುಳಿನ ಒಳಗೆ ದಾರಿಯಿಲ್ಲ. ಕಾಫಿ ಸೋಸುವ ಬಟ್ಟೆ ಗಷ್ಟನ್ನು ತಡೆದು ನಿಲ್ಲಿಸುವ ಹಾಗೆ ದುಡಿದ ಸ್ನಾಯು ಒತ್ತಡದ ಕಲ್ಮಶವನ್ನು ಮಿದುಳಿಗೆ ಮುಟ್ಟಗೊಡುತ್ತಿರಲಿಲ್ಲ. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗಬೇಕೆಂದಿಲ್ಲ. ಆದರೆ ಮ್ಯಾರಥಾನ್ ಓಡಿದವರ ರಕ್ತದಲ್ಲೂ ಕೈನ್ಯುರೆನಿಕ್ ಆಮ್ಲ ಹೆಚ್ಚುವುದು ಆಮೇಲೆ ಕಂಡುಬಂದಿದೆ. ಕಾಲಿನ ಮಾಂಸಖಂಡ ಮಿದುಳಿನ ಆರೋಗ್ಯ ಕಾಯುತ್ತದೆ ಎಂಬುದು ಒಂದು ತಲೆಮಾರಿನ ಹಿಂದೆ ಯಾರೂ ಊಹಿಸದಿದ್ದ ವಿಷಯ.

ಇನ್ನು ಮೊಬೈಲ್. ಮಕ್ಕಳು ಅದನ್ನು ಹಿಡಿಯುವುದು ಸೋಮಾರಿತನದಿಂದ ಎಂದು ಬಗೆಯುವುದು ಅನ್ಯಾಯ. ದಿನವಿಡೀ ಬಿಗಿದುಕೊಂಡ ಮೈಗೆ ಮನೆಯೊಳಗೆ, ಹಾಸಿಗೆಯ ಮೇಲೆ, ಯಾರ ಅಪ್ಪಣೆಯೂ ಬೇಡದೆ ಸಿಗುವ ಬಿಡುಗಡೆ ಅದೊಂದೇ. ಹೆಬ್ಬೆರಳು ಮೇಲಕ್ಕೆ ಸರಿಸಿದರೆ ಮುಂದಿನ ರೀಲ್ ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನಕ್ಕಾಗಿ ಪಾರಿವಾಳಗಳು ಬೇಸರವಿಲ್ಲದೆ ಗುಂಡಿ ಕುಕ್ಕುತ್ತಲೇ ಇರುತ್ತವೆ ಎಂದು ಬಿ. ಎಫ್. ಸ್ಕಿನ್ನರ್ ಬಹು ಹಿಂದೆಯೇ ತೋರಿಸಿದ್ದರು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದ ಮೇಲೆ, ನಿಲ್ಲಿಸಲು ಸೂಚನೆ ಕೊಡುತ್ತಿದ್ದ ಪುಟದ ಅಂಚೂ ಇಲ್ಲವಾಯಿತು. ದೊಡ್ಡವರೇ ಸೋಲುವ ಏರ್ಪಾಡಿನ ಮುಂದೆ ಹದಿನಾರರ ಹುಡುಗನಿಗೆ ಮನೋಬಲ ಸಾಲದೆಂದು ಬೈಯುವುದರಲ್ಲಿ ಅರ್ಥವಿಲ್ಲ. ಮಿದುಳಿನಲ್ಲಿ ಸಂಯಮದ ಹೊಣೆ ಹೊತ್ತ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತು ದಾಟಿದ ಮೇಲೆ.

ತೊಂದರೆಯೆಂದರೆ, ರೀಲ್ಸ್ ಚಿಂತೆಯನ್ನು ಮರೆಸುತ್ತದೆ, ಓಡಲು ಸಜ್ಜಾದ ಮೈಯನ್ನು ಹಾಗೇ ಬಿಡುತ್ತದೆ. ನಿದ್ದೆಯನ್ನೂ ತಿನ್ನುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ, ಅದರ ಮೇಲೆ ಪರದೆಯ ಬೆಳಕು. ಬೋಸ್ಟನ್ನಿನ ಸಂಶೋಧಕರು 12 ಮಂದಿಗೆ ಮಲಗುವ ಮುನ್ನ ಐದು ರಾತ್ರಿ ಬೆಳಕು ಚೆಲ್ಲುವ ಪರದೆಯಲ್ಲಿ, ಇನ್ನೈದು ರಾತ್ರಿ ಅಚ್ಚಾದ ಪುಸ್ತಕ ಓದಿಸಿ ನೋಡಿದರು. ಪರದೆ ನೋಡಿದಾಗ ನಿದ್ದೆ ತರುವ ಮೆಲಟೋನಿನ್ ಕುಸಿಯಿತು, ದೇಹದ ಗಡಿಯಾರ ಸುಮಾರು ಒಂದೂವರೆ ಗಂಟೆ ಹಿಂದೆ ಬಿತ್ತು. ನಿದ್ದೆಗೆಟ್ಟ ಹುಡುಗಿಗೆ ಮರುದಿನದ ಕಿರುಪರೀಕ್ಷೆಯೂ ಬೆಟ್ಟವಾಗಿ ಕಾಣುತ್ತದೆ, ಆ ಸಂಜೆ ಮತ್ತೆ ಮೊಬೈಲೇ ಗತಿ.

ಈ ಸುತ್ತನ್ನು ವ್ಯಾಯಾಮ ಮುರಿಯಬಲ್ಲದೇ? ಚೀನಾದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ 12 ವಾರಗಳ ಪ್ರಯೋಗವೊಂದರಲ್ಲಿ ಮೊಬೈಲ್ ಹಿಡಿತದಲ್ಲಿದ್ದ ಒಂದು ಗುಂಪಿಗೆ ಬ್ಯಾಸ್ಕೆಟ್‌ಬಾಲ್ ಆಡಿಸಿದರು, ಇನ್ನೊಂದಕ್ಕೆ ಬದ್ವಾನ್‌ಜಿನ್ ಎಂಬ ನಿಧಾನಗತಿಯ ಸಾಂಪ್ರದಾಯಿಕ ವ್ಯಾಯಾಮ ಮಾಡಿಸಿದರು. ಎರಡೂ ಗುಂಪಿನಲ್ಲಿ ಮೊಬೈಲ್ ಗೀಳು ತಗ್ಗಿತು. ಒತ್ತಡ, ಆತಂಕ, ಒಂಟಿತನಗಳೂ ಅದರ ಜೊತೆಗೇ ಇಳಿದವು. ಇಂಥ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕವು, ವಿದ್ಯಾರ್ಥಿಗಳು ತಾವೇ ತುಂಬಿದ ಪ್ರಶ್ನಾವಳಿಯನ್ನು ನಂಬಿದವು. ಅಷ್ಟರಿಂದಲೇ ಎಲ್ಲ ಸಾಬೀತಾಯಿತೆಂದು ನಾನು ಹೇಳಲಾರೆ. ಆದರೆ ಬೇರೆ ದಿಕ್ಕಿನಿಂದ ಬಂದ ಪುರಾವೆ ಇದಕ್ಕೆ ಹೊಂದುತ್ತದೆ. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದ ಮೇಗನ್ ಓಟನ್ ಮತ್ತು ಕೆನ್ ಚೆಂಗ್ 2006ರಲ್ಲಿ 24 ಮಂದಿಗೆ ಎರಡು ತಿಂಗಳು ವ್ಯಾಯಾಮ ಮಾಡಿಸಿದಾಗ, ಯಾರೂ ಹೇಳದೆಯೇ ಅವರು ಸಿಗರೇಟು, ಮದ್ಯ, ಕಾಫಿ ಕಡಿಮೆ ಮಾಡಿದರು. ಖರ್ಚಿನ ಮೇಲೆ ನಿಗಾ ಬಂತು, ಮನೆಗೆಲಸ ಬಾಕಿ ಉಳಿಯುವುದು ತಗ್ಗಿತು, ಓದಿನ ಅಭ್ಯಾಸವೂ ಸುಧಾರಿಸಿತು. ತಪ್ಪದೆ ವ್ಯಾಯಾಮ ಮಾಡುವುದಕ್ಕೆ ಬೇಕಾದ ಸಂಯಮ ಬೆಳೆದಂತೆ ಉಳಿದ ಕಡೆಗೂ ಹರಡಿತ್ತು.

ಮೊಬೈಲ್ ಕಸಿದುಕೊಂಡರೆ ಮಕ್ಕಳು ತಾವಾಗಿ ಆಡುತ್ತಾರೆಯೇ ಎಂಬ ಪ್ರಶ್ನೆಗೂ ಒಂದು ಉತ್ತರವಿದೆ, ಅದು ಡೆನ್ಮಾರ್ಕಿನದು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 89 ಕುಟುಂಬಗಳ 4ರಿಂದ 14 ವರ್ಷದ 181 ಮಕ್ಕಳಿದ್ದರು. ಒಂದು ಗುಂಪಿನ ಮನೆಗಳಲ್ಲಿ ಎರಡು ವಾರ ಮನರಂಜನೆಯ ಪರದೆ ಒಬ್ಬೊಬ್ಬರಿಗೆ ವಾರಕ್ಕೆ ಮೂರೇ ಗಂಟೆ. ಆ ಮಕ್ಕಳ ಓಡಾಟ ಇನ್ನೊಂದು ಗುಂಪಿಗಿಂತ ದಿನಕ್ಕೆ ಸುಮಾರು 45 ನಿಮಿಷ ಹೆಚ್ಚಿತು. ಇಲ್ಲಿ ಗಮನಿಸಬೇಕಾದದ್ದು, ನಿಯಮ ಅಪ್ಪ ಅಮ್ಮನಿಗೂ ಇತ್ತು. ದೊಡ್ಡವರು ಸೋಫಾದ ಮೇಲೆ ಸ್ಕ್ರೋಲ್ ಮಾಡುತ್ತ ಮಗನ ಫೋನ್ ಎತ್ತಿಟ್ಟರೆ ಅದು ಬೇರೆಯೇ ಪ್ರಯೋಗ.

ಎಷ್ಟು ಆಡಬೇಕು? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 146 ದೇಶಗಳ 2016ರ ಲೆಕ್ಕದಂತೆ 11ರಿಂದ 17ರ ವಯಸ್ಸಿನವರಲ್ಲಿ ಶೇಕಡ 81 ಮಂದಿ ಅದನ್ನು ಮುಟ್ಟುವುದಿಲ್ಲ, ಹುಡುಗಿಯರಲ್ಲಿ ಶೇಕಡ 85. ನಮ್ಮಲ್ಲಿ ಹುಡುಗಿಯರು ಮೈನೆರೆದ ಮೇಲೆ ಬೀದಿಯ ಆಟ ತಾನಾಗಿ ನಿಲ್ಲುತ್ತದೆ, ಮೈದಾನ ಹುಡುಗರ ಕ್ರಿಕೆಟ್ಟಿನ ಪಾಲಾಗುತ್ತದೆ. ಇವರಿಗೆ ಭರವಸೆ ಕೊಡುವ ಒಂದು ಅಧ್ಯಯನವಿದೆ. ಇಂಗ್ಲೆಂಡಿನಲ್ಲಿ 4,257 ಮಕ್ಕಳ ಓಡಾಟವನ್ನು 12, 14, 16ನೇ ವಯಸ್ಸಿನಲ್ಲಿ ಯಂತ್ರ ಕಟ್ಟಿ ಅಳೆದು, 18ಕ್ಕೆ ಖಿನ್ನತೆಯ ಲಕ್ಷಣಗಳನ್ನು ನೋಡಿದರು. ನಡಿಗೆ, ಮನೆಗೆಲಸದಂಥ ಹಗುರ ಚಟುವಟಿಕೆ 12ನೇ ವಯಸ್ಸಿನಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚಿದ್ದವರಲ್ಲಿ ಆ ಲಕ್ಷಣಗಳು ಶೇಕಡ 10ರಷ್ಟು ಕಡಿಮೆ ಇದ್ದವು. ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಡುವ ಬದಲು ಗೆಳತಿಯರ ಜೊತೆ ನಡೆದು ಹೋಗಲು ಬಿಟ್ಟರೂ ಲಾಭವಿದೆ. ಥ್ರೋಬಾಲ್, ಶಟಲ್, ಸ್ಕಿಪ್ಪಿಂಗ್, ಟೆರೇಸಿನ ಮೇಲೆ ಹಾಡು ಹಾಕಿ ಕುಣಿತ, ಯಾವುದಾದರೂ ಸರಿ. ಇಷ್ಟಪಟ್ಟು ಆಡಿದ್ದಾಗಿರಬೇಕು, ಅಷ್ಟೇ. ಬಿಡುವಿನಲ್ಲಿ ಮಾಡುವ ಚಟುವಟಿಕೆಗೆ ಮನಸ್ಸಿನ ಸ್ವಾಸ್ಥ್ಯದೊಡನೆ ಇರುವ ನಂಟು ದುಡಿಮೆಯ ಮೈಶ್ರಮಕ್ಕೆ ಇಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡಿದೆ. ತಡವಾಗಿ ಬಂದವರಿಗೆ ಮೈದಾನಕ್ಕೆ ಐದು ಸುತ್ತು ಶಿಕ್ಷೆ ಕೊಡುವ ಶಾಲೆ, ಓಟವನ್ನು ಮಕ್ಕಳು ಜೀವನಪೂರ್ತಿ ದ್ವೇಷಿಸುವಂತೆ ಮಾಡುತ್ತದೆ.

ಆಟ ಎಲ್ಲಕ್ಕೂ ಮದ್ದಲ್ಲ. ವಾರಗಟ್ಟಲೆ ಊಟ ನಿದ್ದೆ ಬಿಟ್ಟ, ಗೆಳೆಯರಿಂದ ದೂರವಾದ, ಬದುಕುವುದೇ ಬೇಡವೆನ್ನುವ ಮಗುವಿಗೆ ಶೂ ಕೊಡಿಸಿ ಪಾರ್ಕಿಗೆ ಕಳಿಸಿದರೆ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 'ಶಟ್' ಕ್ಲಿನಿಕ್ ನಡೆಯುತ್ತಿದೆ, ಗೇಮಿಂಗ್ ಮತ್ತು ಮೊಬೈಲ್ ಗೀಳಿಗೆ ಸಿಲುಕಿದವರನ್ನು ಮನೆಯವರ ಜೊತೆ ಕರೆದುಕೊಂಡು ಹೋಗಬಹುದು. ಬೆಂಗಳೂರು ದೂರವೆನ್ನುವವರಿಗೆ ಟೆಲಿ ಮನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.