ಘಟ್ಟದ ಮಳೆಯೂ ಸೈಕಲಿನ ದಾರಿಯೂ

ದಕ್ಷಿಣ ಕನ್ನಡದ ಪುತ್ತೂರಿನಿಂದ ಹೊರಟು ಜಾಲ್ಸೂರು, ಸುಳ್ಯಗಳನ್ನು ಹಾದು, ಗುತ್ತಿಗಾರಿನ ದಾರಿಯಾಗಿ ಸುಬ್ರಹ್ಮಣ್ಯವನ್ನು ಸೇರಿ, ಅಲ್ಲಿಂದ ಕಡಬ, ಉಪ್ಪಿನಂಗಡಿಗಳ ಮೇಲೆ ಮತ್ತೆ ಪುತ್ತೂರಿಗೆ ಮರಳುವ ಸುತ್ತು ಸುಮಾರು 150 ಕಿಲೋಮೀಟರಿನಷ್ಟಿದ್ದು, ಹೆದ್ದಾರಿಯನ್ನು ತೊರೆದು ತೋಟಗಳ ನಡುವಣ ಮಣ್ಣುದಾರಿಯನ್ನೂ ಗುಡ್ಡದ ಓಣಿಗಳನ್ನೂ ಹಿಡಿಯಬಯಸುವ ಸೈಕಲ್ ಸವಾರನಿಗೆ ಮೂರು ನಾಲ್ಕು ದಿನಗಳ ಸುಖವಾದ ಯಾತ್ರೆಯಾಗಬಲ್ಲುದು. ಚಳಿಗಾಲದಲ್ಲಾದರೆ ಇದಕ್ಕೆ ಒಂದು ನಕ್ಷೆಯೂ ದೃಢವಾದ ಕಾಲುಗಳೂ ಸಾಕು. ಆದರೆ ಇಲ್ಲಿಯ ಕಾಡುಗಳೂ ತೋಡುಗಳೂ ತಮ್ಮ ಪೂರ್ಣ ವೈಭವವನ್ನು ತೋರುವುದು ಮಳೆಗಾಲದಲ್ಲಿಯೇ ಆದುದರಿಂದ ನಡುಮಳೆಗಾಲದ ಆಟಿ ತಿಂಗಳಲ್ಲಿ ಹೊರಡುವ ಉತ್ಸಾಹಿಗಳೂ ಉಂಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುವ, ಅದರ ಬಹುಭಾಗವನ್ನು ಜೂನ್ ಸೆಪ್ಟೆಂಬರುಗಳ ನಡುವೆಯೇ ಪಡೆಯುವ ಈ ಜಿಲ್ಲೆಯಲ್ಲಿ ಅಂಥವರು ದೂರದ ಲೆಕ್ಕವನ್ನು ಬಿಟ್ಟು ಹೊಳೆಯ ಲೆಕ್ಕವನ್ನು ಹಿಡಿಯಬೇಕಾಗುವುದು.

ಆ ಲೆಕ್ಕವನ್ನು ಅರಿಯಲು ಹೊಳೆಗಳ ಹುಟ್ಟನ್ನು ನೋಡಬೇಕು. ಕುಮಾರಧಾರೆಯು ಜನಿಸುವ ಪುಷ್ಪಗಿರಿಯ ಶಿಖರ ಸಮುದ್ರಮಟ್ಟದಿಂದ 1712 ಮೀಟರ್ ಎತ್ತರದಲ್ಲಿರುವುದು; ಅದರ ಬುಡದ ಸುಬ್ರಹ್ಮಣ್ಯವೋ ನೂರಿನ್ನೂರು ಮೀಟರಿನೊಳಗಿನ ತಗ್ಗು. ಇಷ್ಟು ಕಡಿದಾದ ಇಳಿಜಾರಿನಲ್ಲಿ ಬಿದ್ದ ನೀರಿಗೆ ತಂಗಲು ಎಡೆಯಿಲ್ಲ. ಘಟ್ಟದ ಮೇಲೆ ಮಳೆ ಹೊಯ್ದರೆ, ಕೆಳಗೆ ಎಳೆಬಿಸಿಲು ಬಿದ್ದಿರುವಾಗಲೇ, ತಿಳಿಯಾಗಿದ್ದ ಹೊಳೆ ನೋಡುನೋಡುತ್ತಿರುವಂತೆ ಕೆಂಪೇರುವುದು. ಮೊದಲು ತರಗೆಲೆ, ಕಸಕಡ್ಡಿ, ಅನಂತರ ಅಡಿಕೆಯ ಹಾಳೆ, ತೆಂಗಿನಕಾಯಿ, ಕೊನೆಗೆ ಬೇರು ಸಮೇತವಾದ ಮರ. ಹೊಳೆಬದಿಯ ಕೃಷಿಕರು ಬಣ್ಣ ತಿರುಗಿದ ಕ್ಷಣದಲ್ಲಿಯೇ ನೆರೆಯನ್ನು ಊಹಿಸಿ ಪಂಪು, ದನಕರುಗಳನ್ನು ಮೇಲಕ್ಕೆ ಸಾಗಿಸುವರು. ಆದುದರಿಂದ ಕಡಬದ ಕಡೆ ಹೊರಟ ಸವಾರನು ತಲೆಯ ಮೇಲಿನ ಆಕಾಶಕ್ಕಿಂತ ಹೆಚ್ಚಾಗಿ ಶಿರಾಡಿ, ಬಿಸಿಲೆ ಘಟ್ಟಗಳ ಕಡೆಯ ಮೋಡವನ್ನು ವಿಚಾರಿಸತಕ್ಕದ್ದು.

ಇದೇ ಇಳಿಜಾರು ಒಂದು ಉಪಕಾರವನ್ನೂ ಮಾಡಿದೆ. ಕೃಷ್ಣಾತೀರದ ಬಯಲಿನಲ್ಲಿ ನೆರೆ ಬಂದರೆ ದಿನಗಟ್ಟಲೆ ನಿಲ್ಲುವುದುಂಟು. ಇಲ್ಲಿ ಮೇಲಣ ಮಳೆ ಬಿಟ್ಟರೆ ಕೆಲವೇ ತಾಸುಗಳಲ್ಲಿ ನೀರು ಇಳಿಯುವುದು. ಸುತ್ತುದಾರಿಯನ್ನು ಅರಸಿ ಮೂವತ್ತು ನಲವತ್ತು ಕಿಲೋಮೀಟರ್ ಒದ್ದೆಯಾಗಿ ತುಳಿಯುವುದಕ್ಕಿಂತ ಹೊಳೆಯ ಈಚೆಯ ಹೋಟೆಲಿನಲ್ಲಿ ಮಧ್ಯಾಹ್ನದವರೆಗೆ ಕುಳಿತಿರುವುದೇ ಎಷ್ಟೋ ಸಲ ಸಮೀಪದ ದಾರಿ. ಉಪ್ಪಿನಂಗಡಿಯ ಮಾತು ಮಾತ್ರ ಬೇರೆ. ನೇತ್ರಾವತಿ, ಕುಮಾರಧಾರೆಗಳು ಅಲ್ಲಿ ಕೂಡುವುದರಿಂದ ಎರಡೂ ತುಂಬಿದಾಗ ಒಂದು ಇನ್ನೊಂದನ್ನು ತಡೆದು ನೀರು ಹಿಮ್ಮೆಟ್ಟಿ ಏರುವುದು. ಹೀಗೆ ಏರಿ ಅಲ್ಲಿಯ ಸಹಸ್ರಲಿಂಗೇಶ್ವರ ದೇವಾಲಯದ ಅಂಗಳದಲ್ಲಿ ಎರಡೂ ನದಿಗಳು ಸಂಗಮಿಸಿದರೆ ಜನರು ಭಕ್ತಿಯಿಂದ ಪೂಜೆ ಸಲ್ಲಿಸುವರು. ಸವಾರನು ಆ ಸುದ್ದಿಯನ್ನು ಕೇಳಿದ ದಿನ ತಗ್ಗಿನ ದಾರಿಗಳೆಲ್ಲವನ್ನೂ ಮರೆಯಬೇಕು.

ಮುಳುಗು ಸೇತುವೆಗಳ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಕಡಬದ ಬಳಿ ಗುಂಡ್ಯ ಹೊಳೆಗೆ ಅಡ್ಡವಾಗಿದ್ದ ಹೊಸಮಠದ ತಗ್ಗು ಸೇತುವೆ, ಈಚೆಗೆ ಎತ್ತರದ ಹೊಸದು ಬರುವ ತನಕ, ಪ್ರತಿ ಮಳೆಗಾಲದಲ್ಲೂ ಮುಳುಗಿ ವಾಹನಗಳನ್ನು ಎರಡು ದಡಗಳಲ್ಲಿ ನಿಲ್ಲಿಸುತ್ತಿತ್ತು. ಪುತ್ತೂರು ಪಾಣಾಜೆಗಳ ನಡುವಣ ಚೆಲ್ಯಡ್ಕದ್ದೂ ಅದೇ ಖ್ಯಾತಿ. ಪ್ರವಾಹಕ್ಕೆ ಅಡ್ಡಿಯಾಗದಿರಲೆಂದು ಕೈಪಿಡಿಗೋಡೆಯಿಲ್ಲದೆ ಕಟ್ಟುವ ಇಂತಹ ಸೇತುವೆಗಳ ಮೇಲೆ ಕೆಂಪು ನೀರು ಹರಿಯುವಾಗ ಅಂಚು ಎಲ್ಲಿ ಮುಗಿಯಿತೆಂಬುದು ಕಾಣದು. ರಭಸದ ನೀರು ಅರ್ಧ ಅಡಿಯಷ್ಟಿದ್ದರೂ ಆಳನ್ನು ಕೆಡಹಬಲ್ಲುದು. ಸೈಕಲಿನ ಗಾಲಿಗಳೂ ಅದಕ್ಕೆ ಕಟ್ಟಿದ ಚೀಲಗಳೂ ಆ ಸೆಳೆತಕ್ಕೆ ಇನ್ನಷ್ಟು ಹಿಡಿತವನ್ನು ಕೊಡುವುವು. ನೀರಿಳಿದ ಮೇಲೂ ಅವಸರ ಸಲ್ಲದು. ಮೇಲೆ ಬೆರಳುದಪ್ಪದ ನುಣ್ಣನೆಯ ಕೆಸರು ಕೂತಿರುವುದು, ಬಿದಿರುಮೆಳೆಗಳು ಸಿಕ್ಕಿಕೊಂಡಿರುವುವು, ಅಡಿಯ ಮಣ್ಣು ಕೊಚ್ಚಿಹೋಗಿ ಸೇತುವೆ ದಡವನ್ನು ಮುಟ್ಟುವೆಡೆ ಟೊಳ್ಳಾಗಿರುವುದು. ಇಳಿದು, ಮುಂದೆ ಕೋಲೂರಿ ನೋಡಿ, ಸೈಕಲನ್ನು ನೂಕಿಕೊಂಡು ಹೋಗುವುದೇ ಲೇಸು.

ದಾಟಲು ಇನ್ನೊಂದು ಉಪಾಯವನ್ನು ಈ ನೆಲವೇ ಕಂಡುಕೊಂಡಿದೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆಯೊಂದನ್ನು ಕಟ್ಟಿ, ಅನಂತರ ದೇಶದ ಹಲವೆಡೆ ನೂರಕ್ಕೂ ಹೆಚ್ಚು ಅಂತಹ ಸೇತುವೆಗಳನ್ನು ನಿರ್ಮಿಸಿ, 2017ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಮಳೆಗಾಲದಲ್ಲಿ ದ್ವೀಪವಾಗುತ್ತಿದ್ದ ಹಳ್ಳಿಗಳ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ ಈ ಉಕ್ಕಿನ ಹಗ್ಗಗಳ ಹಾದಿಯನ್ನು ನಾನು ನಮ್ಮ ನಾಡಿನ ಅತ್ಯಂತ ಮಾನವೀಯವಾದ ಶಿಲ್ಪಗಳಲ್ಲಿ ಒಂದೆಂದು ಎಣಿಸುತ್ತೇನೆ. ಕಾರು ಸುತ್ತಿ ಬಳಸಿ ಬರಬೇಕಾದಲ್ಲಿ ಸೈಕಲನ್ನು ಕೈಯಲ್ಲಿ ಹಿಡಿದವನು ಅದರ ಮೇಲೆ ನಡೆದು ಆಚೆ ದಡ ಸೇರುವನು. ಎದುರಿನವರನ್ನು ಮೊದಲು ಬಿಡಬೇಕು. ತೂಗಾಟ ತಗ್ಗಿದ ಮೇಲೆ ಕಾಲಿಡಬೇಕು. ಅಡಿಕೆ ಮರದ ಕಾಲುಸಂಕಗಳನ್ನು ಮಾತ್ರ, ಪಾಚಿ ಹಿಡಿದ ಆಟಿಯಲ್ಲಿ, ಹೊರೆಯೊಡನೆ ದಾಟುವ ಸಾಹಸ ಬೇಡ.

ಕಾಯ್ದರೆ ಸಾಲದ ದಿನಗಳೂ ಇವೆ. 2018ರ ಆಗಸ್ಟಿನಲ್ಲಿ ಸಂಪಾಜೆಯಿಂದ ಮೇಲಣ ಜೋಡುಪಾಲದಲ್ಲಿ ಗುಡ್ಡಗಳೇ ಜರಿದು ಮಾಣಿ ಮೈಸೂರು ಹೆದ್ದಾರಿ ಬಹುಕಾಲ ಮುಚ್ಚಿತು. 2022ರ ಆಗಸ್ಟಿನ ಆರಂಭದಲ್ಲಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುಗಳ ಕಡೆ ಕೊಚ್ಚಿಬಂದ ಮರದ ದಿಮ್ಮಿಗಳು ಸೇತುವೆಗಳಿಗೆ ಸಿಕ್ಕಿ ನೀರು ಪಕ್ಕದ ಮನೆ ಅಂಗಡಿಗಳಿಗೆ ನುಗ್ಗಿತು. ನೆನೆದ ಬರೆಯು ಮಳೆ ನಿಂತ ಮೇಲೂ ಜರಿಯಬಲ್ಲುದಾದುದರಿಂದ, ಅಂತಹ ವಾರ ಘಟ್ಟದ ಬುಡವನ್ನು ಸಂಪೂರ್ಣವಾಗಿ ಬಿಟ್ಟು ಪುತ್ತೂರಿನ ಸುತ್ತಣ ಮುರಕಲ್ಲಿನ ದಿಣ್ಣೆಗಳಲ್ಲಿಯೇ ಯಾತ್ರೆಯನ್ನು ಮುಗಿಸುವುದು ವಿವೇಕ. ಅರಣ್ಯ ಇಲಾಖೆಯ ನಿರ್ಬಂಧವಿರುವ ಕಾಡುದಾರಿಗಳಿಗೂ ಇದೇ ಮಾತು.

ಹೊರಡುವಾಗಲೇ ಒಂದು ದಿನವನ್ನು ಹೆಚ್ಚಿಗೆ ಇಟ್ಟುಕೊಂಡು, ಪ್ರತಿದಿನದ ಗುರಿಯನ್ನು ಗಿಡ್ಡವಾಗಿಸಿ, ಬೆಳಗ್ಗೆ ಮೊದಲ ಬಸ್ಸಿನ ಚಾಲಕನನ್ನೂ ಹಾಲಿನ ಸೊಸೈಟಿಗೆ ಬಂದವರನ್ನೂ ದಾರಿಯ ಸ್ಥಿತಿ ಕೇಳುವ ವಾಡಿಕೆಯಿಟ್ಟುಕೊಳ್ಳಬೇಕು. ಮುರಕಲ್ಲಿನ ಕೆಸರು ಬ್ರೇಕಿನ ರಬ್ಬರನ್ನು ಬೇಗ ಸವೆಸುವುದರಿಂದ ಬೇರೊಂದು ಜೊತೆ ಚೀಲದಲ್ಲಿರಲಿ. ಚೈನಿಗೆ ದಿನವೂ ಎಣ್ಣೆ ಬೇಕು. ಸುತ್ತು ಅರ್ಧದಲ್ಲಿಯೇ ನಿಂತರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಎಡಮಂಗಲ, ಕಾಣಿಯೂರುಗಳ ಮೂಲಕ ಕಬಕ ಪುತ್ತೂರಿಗೆ ರೈಲು ಮಾರ್ಗವಿದೆ. ಸೈಕಲನ್ನು ಒಯ್ಯುವ ಕ್ರಮವನ್ನು ಹೊರಡುವ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.