ಇರುಳಿನ ಬೀದಿಯಲ್ಲಿ ಮುಖಗಳು

ಹಗಲಿನಲ್ಲಿ ಛಾಯಾಚಿತ್ರ ತೆಗೆಯುವವನಿಗೆ ಬೆಳಕು ಎಲ್ಲೆಡೆಯೂ ದೊರೆಯುತ್ತದೆ. ಚಿತ್ರದಿಂದ ಏನನ್ನು ಬಿಡಬೇಕೆಂಬುದೇ ಅವನ ಚಿಂತೆ. ಇರುಳಿನಲ್ಲಿ ಆ ಕೆಲಸವನ್ನು ಕತ್ತಲೆಯೇ ಮಾಡಿರುತ್ತದೆ. ದೀಪದ ಕಂಬದ ಸುತ್ತ ಒಂದು ವರ್ತುಲ, ತೆರೆದ ಅಂಗಡಿಯಿಂದ ಬೀದಿಗೆ ಚಾಚಿದ ಒಂದು ಪಟ್ಟಿ, ಇಷ್ಟೇ ಅವನ ಪಾಲು. ಆದ್ದರಿಂದ ರಾತ್ರಿಯ ಬೀದಿಯಲ್ಲಿ ತನ್ನ ಪಾಡಿಗೆ ತಾನಿರುವ ಮನುಷ್ಯನ ಭಾವಚಿತ್ರವನ್ನು ರಚಿಸಹೊರಟವನು ಮೊದಲು ಬೆಳಕನ್ನು ಹುಡುಕಬೇಕು; ಆಮೇಲೆ ಮುಖಕ್ಕಾಗಿ ಕಾಯಬೇಕು.

ಈ ಕಲೆಯ ಹಿರಿಯರಲ್ಲಿ ಬ್ರಸ್ಸಾಯಿ ಒಬ್ಬ. 1899ರಲ್ಲಿ ಟ್ರಾನ್ಸಿಲ್ವೇನಿಯದ ಬ್ರಶೋ ಎಂಬಲ್ಲಿ ಹುಟ್ಟಿ, ಊರಿನ ಹೆಸರಿನಿಂದಲೇ ತನ್ನ ಹೆಸರನ್ನು ಕಟ್ಟಿಕೊಂಡ ಈತ 1924ರಲ್ಲಿ ಪ್ಯಾರಿಸಿಗೆ ಬಂದು ನೆಲೆಸಿದ. ಅಂದಿನ ಗಾಜಿನ ಫಲಕಗಳು ಮಂದವಾದುವು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಸಿಗರೇಟು ಹಚ್ಚಿ, ಅದು ಉರಿಯುವಷ್ಟು ಹೊತ್ತು ಆತ ಮಸೂರವನ್ನು ತೆರೆದಿಡುತ್ತಿದ್ದ. ಬೆಳಕು ಇನ್ನೂ ಮಬ್ಬಾಗಿದ್ದರೆ ಹೆಚ್ಚು ಹೊತ್ತು ಉರಿಯುವ ಇನ್ನೊಂದು ಬಗೆಯ ಸಿಗರೇಟು! ದೀಪ ನೇರವಾಗಿ ಎದುರಿಗಿದ್ದರೆ ಫಲಕದ ಮೇಲೆ ಅದರ ಪ್ರಭೆ ಹರಡಿಬಿಡುತ್ತದೆ. ಅದನ್ನು ಮರದ ಮರೆಗೋ ಗೋಡೆಯ ಅಂಚಿಗೋ ಸರಿಸಿದರೆ, ಮಂಜೂ ಒದ್ದೆ ಕಲ್ಲುಹಾಸೂ ಆ ಬೆಳಕನ್ನು ಹದವಾಗಿ ಹಂಚುತ್ತವೆ.

ಈ ಪಾಠ ಇಂದಿಗೂ ಸಲ್ಲುತ್ತದೆ. ಕಂಬದ ಬುಡದಲ್ಲೇ ನಿಂತವನ ಕಣ್ಣುಗುಳಿಗಳು ಕಪ್ಪಾಗುತ್ತವೆ. ಅವನು ನಾಲ್ಕು ಹೆಜ್ಜೆ ಆಚೆ ಸರಿದು ದೀಪದತ್ತ ಮುಖಮಾಡಿದಾಗ ಕೆನ್ನೆ, ಮೂಗು, ಕಣ್ಣುಗಳು ಮೂಡಿಬರುತ್ತವೆ. ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿ ಉಳಿದುದನ್ನು ಕತ್ತಲೆಗೆ ಬಿಡಬೇಕು. ನಮ್ಮ ಆಲಂಕಾರಿಕರು ಕಾವ್ಯದಲ್ಲಿ ಧ್ವನಿ ಎಂದು ಕರೆದುದು ಇಲ್ಲಿ ನೆನಪಿಗೆ ಬರುತ್ತದೆ. ತೋರಿಸದೆ ಬಿಟ್ಟ ಭಾಗವೂ ಅರ್ಥ ಕೊಡುತ್ತದೆ.

ನ್ಯೂಯಾರ್ಕಿನ ವೀಜಿಯ ದಾರಿ ಬೇರೆ. ಅವನೂ 1899ರಲ್ಲೇ ಹುಟ್ಟಿದವನು. ಸುಮಾರು ಹತ್ತು ಅಡಿ ದೂರಕ್ಕೆ ಕ್ಯಾಮೆರಾವನ್ನು ಮೊದಲೇ ಹೊಂದಿಸಿಟ್ಟು, ಫ್ಲಾಷ್ ಬಲ್ಬಿನ ಒಂದೇ ಹೊಡೆತಕ್ಕೆ ಮುಖವನ್ನು ಕತ್ತಲೆಯಿಂದ ಕಿತ್ತು ತರುತ್ತಿದ್ದ. ಬ್ರಸ್ಸಾಯಿಯ ಜನ ಅಲುಗದೆ ನಿಲ್ಲಬೇಕಾಗಿತ್ತು. ಸಹಜವೆಂದು ತೋರುವ ಅವನ ಎಷ್ಟೋ ಚಿತ್ರಗಳಲ್ಲಿ ಎದುರಿದ್ದವರ ಒಪ್ಪಿಗೆಯೂ ಸೇರಿದೆ. ವೀಜಿ ಒಪ್ಪಿಗೆಗೆ ಕಾಯುತ್ತಿರಲಿಲ್ಲ. ಅವನ ಚಿತ್ರಗಳ ಬೆರಗೂ ಕ್ರೌರ್ಯವೂ ಒಂದೇ ಮೂಲದವು.

ಆದರೆ ಒಪ್ಪಿಗೆ ಪಡೆದ ಮಾತ್ರಕ್ಕೆ ಹೊಣೆ ತೀರುವುದೆ? ಮೊಂಮಾರ್ತ್ರದ ಪಾನಗೃಹವೊಂದರಲ್ಲಿ ಬ್ರಸ್ಸಾಯಿ 1932ರ ಸುಮಾರಿಗೆ ಮೈತುಂಬ ಅಗ್ಗದ ಒಡವೆ ತೊಟ್ಟ ವೃದ್ಧೆಯೊಬ್ಬಳ ಚಿತ್ರ ತೆಗೆದ. ಜನ ಅವಳನ್ನು ‘ಬಿಜೂ’, ಎಂದರೆ ಒಡವೆ, ಎಂದೇ ಕರೆಯುತ್ತಿದ್ದರು. ಅವನ ‘ಇರುಳಿನ ಪ್ಯಾರಿಸ್’ ಪುಸ್ತಕದಲ್ಲಿ ಆ ಚಿತ್ರದ ಜೊತೆಗಿದ್ದ ಬರಹ, ಅವಳು ಕವಿ ಬೋದಿಲೇರನ ದುಃಸ್ವಪ್ನದಿಂದ ಎದ್ದುಬಂದವಳೆಂಬಂತೆ ಬಣ್ಣಿಸಿತ್ತು. ಅವಳು ಪ್ರಕಾಶಕರ ಕಚೇರಿಗೇ ಬಂದು ರೇಗಿದಳೆಂದೂ ಹಣ ಕೊಟ್ಟು ಅವಳನ್ನು ಸಮಾಧಾನಪಡಿಸಬೇಕಾಯಿತೆಂದೂ ಬ್ರಸ್ಸಾಯಿ ಮುಂದೆ ತಾನೇ ಹೇಳಿದ್ದಾನೆ. ನಮಗೆ ಅದ್ಭುತವೆನಿಸಿದ ಮುಖ ಅವಳಿಗೆ ತನ್ನ ಸ್ವಂತ ಮುಖ.

ವಾಕರ್ ಇವಾನ್ಸ್ ಇದನ್ನು ಬಲ್ಲವನಂತೆ ನಡೆದುಕೊಂಡ. 1938ರಿಂದ 1941ರವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ, ಕೋಟಿನೊಳಗೆ ಕ್ಯಾಮೆರಾ ಮರೆಮಾಡಿ ಪ್ರಯಾಣಿಕರ ಚಿತ್ರಗಳನ್ನು ತೆಗೆದನಾದರೂ, ಅವು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ.

ಇಂದಿನ ಮೊಬೈಲ್ ಫೋನು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದಾಗಿ ಬೆಸೆದು, ಇರುಳನ್ನು ಹೆಚ್ಚುಕಡಿಮೆ ಹಗಲಾಗಿಸುತ್ತದೆ. ಜಗಲಿಯ ಮೇಲೆ ಮಲಗಿದವನಿಗೂ ಬಸ್ ನಿಲ್ದಾಣದಲ್ಲಿ ತೂಕಡಿಸುವವಳಿಗೂ ಕತ್ತಲೆ ಹಿಂದೆ ತಾನಾಗಿ ಹೊದಿಸುತ್ತಿದ್ದ ಹೊದಿಕೆ ಇದರಿಂದ ಜಾರಿದೆ. ಏನನ್ನು ಕತ್ತಲಲ್ಲೇ ಉಳಿಸಬೇಕೆಂಬ ವಿವೇಕ ಈಗ ಚಿತ್ರ ತೆಗೆಯುವವನದೇ ಆಗಬೇಕು.